ಕೆರೆಗೆ ಹೋದ ನಿರ್ಮಾಲ್ಯ

ಕಳೆದ ವಾರ ಪಕ್ಕದ ಮನೆಯವರು ದಾಸವಾಳದ ಬೇಲಿಯನ್ನು ಕತ್ತರಿಸಿ, ಸೊಪ್ಪನ್ನು ಗೋಣಿಚೀಲಗಳಿಗೆ ತುಂಬಿ ಗೇಟಿನ ಬಳಿ ಇರಿಸಿದ್ದರು. ಎರಡು ದಿನವಾದರೂ ಯಾರೂ ಒಯ್ಯಲಿಲ್ಲ. ಮೂರನೆಯ ಬೆಳಿಗ್ಗೆ ಪೂಜೆಗೆ ಹೂ ಬಿಡಿಸಲು ಹೊರಬಂದಾಗ, ಚೀಲದೊಳಗೇ ಬೆಂದು ಹುಳಿಯೇರಿದ ಹಸಿ ಎಲೆಯ ವಾಸನೆ ಬಂತು. ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅದು ಆತನ ಅಂಗಿಯ ವಾಸನೆ...

ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಆತನನ್ನು ಸೊಪ್ಪಿನ ಗಾಡಿಯವನೆಂದೇ ಕರೆಯುತ್ತಿದ್ದರು. ಅದಕ್ಕೆ ಮೊದಲು ಬಹಳ ವರ್ಷ ನಮ್ಮ ಮನೆಗಳ ಕೈತೋಟಗಳಲ್ಲಿ ಮಾಲಿಯಾಗಿದ್ದ. ಕತ್ತರಿಸಿದ ರೆಂಬೆಗಳನ್ನು ದಿನನಿತ್ಯದ ಕಸದ ಆಟೋದವರು ಮುಟ್ಟುತ್ತಿರಲಿಲ್ಲ. ಅವು ಬೀದಿಬದಿಯಲ್ಲಿ ಒಣಗುತ್ತಿದ್ದವು. ಕೊನೆಗೆ ಯಾರಾದರೂ ಬೆಂಕಿಯಿಡುತ್ತಿದ್ದರು. ಅದನ್ನು ನೋಡಿ ನೋಡಿ ಬೇಸತ್ತ ಆತ ಹಳೆಯ ಲಗೇಜ್ ಆಟೋವೊಂದನ್ನು ಕೊಂಡ. ತೋಟಗಳ ಕಸವನ್ನು ಹೇರಿಕೊಂಡು ಹೋಗಿ, ಗೊಟ್ಟಿಗೆರೆಯಲ್ಲಿದ್ದ ತನ್ನ ಬಾವಮೈದುನನ ಗೊಬ್ಬರದ ಗುಂಡಿಗೆ ಹಾಕುವುದು ಆತನ ಉದ್ದೇಶವಾಗಿತ್ತು.

ಆತನಿಗೆ ಓದು ಬಾರದು. ಕಸ ಸಾಗಿಸಲು ಪಾಲಿಕೆ ಕೊಡುವ ಪರವಾನಗಿಯ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ನಿಯಮಗಳನ್ನೂ ನಾನೇ ಓದಿ ಹೇಳಿದೆ. ಮನೆಗಸದೊಡನೆ ಬೆರೆಸಕೂಡದು, ಸುಡಕೂಡದು, ಗಾಡಿಗೆ ಟಾರ್ಪಾಲು ಹೊದಿಸಬೇಕು, ಅನುಮತಿಯಿಲ್ಲದೆ ಕಡಿದ ಮರವನ್ನು ಹೇರಕೂಡದು. ಖಾಲಿ ನಿವೇಶನಕ್ಕಾಗಲಿ ಚರಂಡಿಗಾಗಲಿ ಕೆರೆಗಾಗಲಿ ಏನನ್ನೂ ಸುರಿಯಕೂಡದು. ವೇದಪಾಠ ಒಪ್ಪಿಸುವವನಂತೆ ಆತ ಪ್ರತಿಯೊಂದನ್ನೂ ಮೂರು ಸಲ ಹೇಳಿಕೊಂಡ. ಇಷ್ಟು ಜೋಪಾನವೇಕೆ ಎಂದು ನಾನು ನಕ್ಕಾಗ, "ನಿಮಗೆ ಮರೆತ್ರೆ ಪುಸ್ತಕ ಐತೆ ಸ್ವಾಮಿ. ನಂಗೆ ಮರೆತ್ರೆ ಹೋಯ್ತು" ಎಂದ.

ಮೊದಲ ಆರು ತಿಂಗಳು ತಾತ್ಕಾಲಿಕ ಪರವಾನಗಿ. ಒಂದೂ ದೂರು ಬಾರದಿದ್ದರೆ ಮಾತ್ರ ಅದು ಖಾಯಂ ಆಗುತ್ತಿತ್ತು. ಒಂದು ಜನ್ಮವೆಲ್ಲ ಇತರರ ತೋಟಗಳಲ್ಲಿ ಬಗ್ಗಿ ದುಡಿದವನು ತನ್ನದೇ ಗಾಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಬರುವುದನ್ನು ನೋಡುವುದೇ ಒಂದು ಸಂತೋಷವಾಗಿತ್ತು. ಪ್ಲಾಸ್ಟಿಕ್ ಬೆರೆಸಿಕೊಟ್ಟ ಮನೆಯವರಿಗೆ, "ಮೇಡಂ, ನಿಮ್ಮ ಗಿಡದಲ್ಲಿ ಹಾಲಿನ ಕವರ್ ಬಿಡ್ತಾ ಐತೆ" ಎಂದು ಚೀಲವನ್ನು ಹಿಂದಿರುಗಿಸುತ್ತಿದ್ದ.

ಐದು ತಿಂಗಳು ಕಳೆದು ಕಾರ್ತಿಕ ಮಾಸ ಬಂತು. ನಮ್ಮ ಮನೆಯಲ್ಲಿ ಲಕ್ಷ ಬಿಲ್ವಾರ್ಚನೆ ನಡೆಯಿತು. ಶಿವನಿಗೆ ಏರಿಸಿ ಇಳಿಸಿದ ಪತ್ರೆ ನಾಲ್ಕು ಚೀಲಗಳಷ್ಟಾಯಿತು. ನಿರ್ಮಾಲ್ಯವನ್ನು ಯಾರೂ ತುಳಿಯಬಾರದು, ಅದು ನೀರಿಗೇ ಸೇರಬೇಕೆಂಬುದು ನಮ್ಮ ತಂದೆಯವರ ಕಾಲದಿಂದ ನಡೆದು ಬಂದ ಪದ್ಧತಿ. ದಾರಿಯಲ್ಲಿ ಕೆರೆಗೆ ವಿಸರ್ಜಿಸಿಬಿಡು ಎಂದು ಆತನಿಗೆ ಹೇಳಿದೆ.

ಆತ ಚೀಲವನ್ನು ಮುಟ್ಟಲಿಲ್ಲ. "ಕೆರೆಗೆ ಹಾಕಂಗಿಲ್ಲ ಅಂತ ನೀವೇ ಓದಿದ್ರಲ್ಲ ಸ್ವಾಮಿ?"

"ಅದು ಕಸಕ್ಕೆ ಹೇಳಿದ ಮಾತಪ್ಪ. ಶಿವನ ತಲೆಯ ಮೇಲಿದ್ದದ್ದು ಕಸವೇ? ಗುಂಡಿಗೆ ಹಾಕಿ ತುಳೀತೀಯಾ?"

ಆತ ಚಪ್ಪಲಿ ಬಿಟ್ಟು, ನಾಲ್ಕೂ ಚೀಲಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸಿದ.

ಎರಡು ಚೀಲ ನೀರಿಗೆ ಬೀಳುವಷ್ಟರಲ್ಲಿ ಕೆರೆಯ ಕಾವಲುಗಾರರು ಹಿಡಿದರು. ಗಾಡಿಯನ್ನು ವಶಪಡಿಸಿಕೊಂಡರು. ಮರುದಿನ ಆತ ನಡೆದುಕೊಂಡೇ ಬಂದು, ತನಗೆ ಕೊಟ್ಟ ನೋಟೀಸನ್ನು ಓದಿಸಿಕೊಳ್ಳಲು ನನ್ನೆದುರು ಹಿಡಿದ. ಮೂರು ದಿನಗಳೊಳಗೆ ಕಚೇರಿಗೆ ಹಾಜರಾಗಿ, ಆ ಕಸ ಯಾರದು, ಯಾರು ಹಾಕಿಸಿದರು ಎಂಬುದನ್ನು ತಿಳಿಸಬೇಕು. ತಪ್ಪಿದಲ್ಲಿ ಪರವಾನಗಿ ರದ್ದಾಗುವುದು. ಒಂದಕ್ಷರ ಬಿಡದೆ ಓದಿದೆ. ನನ್ನ ಧ್ವನಿ ಎಲ್ಲಿಯೂ ತಡವರಿಸಲಿಲ್ಲವೆಂಬುದು ಈಗಲೂ ನೆನಪಿದೆ...

"ಯಾರದು ಅಂತ ಕೇಳವ್ರೆ, ಅಲ್ವಾ?"

ಹೌದೆಂದೆ.

"ನಾಳೆಯಿಂದ ಮೂರು ದಿನ ನಾನು ಆ ಆಫೀಸಲ್ಲೇ ಇರ್ತೀನಿ ಸ್ವಾಮಿ" ಎಂದು ಹೇಳಿ ಹೊರಟುಹೋದ.

ಅರ್ಚನೆಯ ಬೆನ್ನಿಗೇ ನಾನು ಏಳು ದಿನಗಳ ಪಾರಾಯಣಕ್ಕೆ ಸಂಕಲ್ಪ ಮಾಡಿದ್ದೆ. ಸಂಕಲ್ಪ ಮಾಡಿದವನು ಹೊಸ್ತಿಲು ದಾಟುವಂತಿಲ್ಲ. ಮುಗಿದ ಮೇಲೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಕೆರೆಗೆ ಕಸ ಹಾಕಿಸಿದವರೆಂದು ನಾಲ್ಕು ಜನ ನನ್ನನ್ನು ಬೆರಳು ಮಾಡಿ ತೋರಿಸುವರೆಂಬ ಅಳುಕನ್ನು ಆ ನೇಮದ ಹಿಂದೆ ಅಡಗಿಸಿಟ್ಟೆ. ಏಳು ದಿನ ಮುಗಿದಾಗ ಪರವಾನಗಿ ರದ್ದಾಗಿತ್ತು. ಕಚೇರಿಯವರು ಕೇಳಿದಾಗಲೆಲ್ಲ ಆತ, ತಪ್ಪು ತನ್ನದೇ ಎಂದಷ್ಟೇ ಹೇಳಿದ್ದನಂತೆ. ಆಮೇಲೆ ವರ್ಷಗಳು ಕಳೆದರೂ ಆತ ನಮ್ಮ ಬೀದಿಗೆ ಬರಲಿಲ್ಲ. ನಾನೂ ಹುಡುಕಲಿಲ್ಲ.

ಕಟ್ಟೆಯ ಮೇಲೆ ಕುಳಿತ ಆ ಬೆಳಿಗ್ಗೆ ಪೂಜೆಯನ್ನು ಬಿಟ್ಟು ಗೊಟ್ಟಿಗೆರೆಗೆ ಹೋದೆ. ವಿಚಾರಿಸುತ್ತ ವಿಚಾರಿಸುತ್ತ ಮನೆ ಸಿಕ್ಕಿತು. ಬಾಗಿಲು ತೆರೆದವಳು ಆತನ ಹೆಂಡತಿ. ಗಾಡಿ ಬಿಟ್ಟ ಮೇಲೆ ಸಿಮೆಂಟಿನ ಲಾರಿಗೆ ಮೂಟೆ ಹೊರಲು ಹೋಗುತ್ತಿದ್ದನೆಂದೂ, ಎದೆಗೆ ಧೂಳು ಕಟ್ಟಿ, ತೀರಿಕೊಂಡು ಎರಡು ವರ್ಷವಾಯಿತೆಂದೂ ಹೇಳಿದಳು. ಅಂದು ಕೆರೆಗೆ ಬಿದ್ದ ಆ ಚೀಲಗಳು ನನ್ನವು ತಾಯಿ ಎಂದೆ. ಆಕೆಗೆ ಆಶ್ಚರ್ಯವಾಗಲಿಲ್ಲ.

"ಗೊತ್ತು ಸ್ವಾಮಿ. ಅವರ ಹೆಸರು ಹೇಳ್ಬಿಡಿ ಅಂತ ನಾನು ಬಡ್ಕೊಂಡೆ. 'ಸುಮ್ನಿರು, ದೊಡ್ಡೋರು, ನಾವು ಹೇಳಬಾರದು, ಅವರೇ ಬಂದು ಹೇಳ್ತಾರೆ' ಅಂದ್ರು. ಮೂರು ದಿನವೂ ಆಫೀಸಿನ ಬೆಂಚಲ್ಲಿ ಪಕ್ಕಕ್ಕೆ ಜಾಗ ಬಿಟ್ಕೊಂಡು ಕೂತಿದ್ರು. ಯಾರಾದ್ರೂ ಕೂರೋಕೆ ಬಂದ್ರೆ, ನಮ್ಮ ಸ್ವಾಮಿಗಳು ಬರ್ತಾವ್ರೆ ಅಂತಿದ್ರು."

ಆಕೆ ಕುಡಿಯಲು ನೀರು ಕೊಟ್ಟಳು. ಕುಡಿದೆ. ನಾನು ಯಾರಲ್ಲಿ ಕ್ಷಮೆ ಬೇಡಬೇಕಾಗಿತ್ತೋ ಆತನೇ ಇಲ್ಲದ ಮನೆಯಿಂದ ಎದ್ದು ಬಂದೆ.

ಆ ಕಚೇರಿಯನ್ನು ನಾನು ಇಂದಿಗೂ ಕಂಡಿಲ್ಲ. ಆದರೂ ಈಗ ಧ್ಯಾನಕ್ಕೆಂದು ಕಣ್ಣು ಮುಚ್ಚಿದರೆ ಇಷ್ಟದೈವದ ಮೂರ್ತಿ ಮೂಡುವುದಿಲ್ಲ. ಒಂದು ಬೆಂಚು ಕಾಣುತ್ತದೆ; ಅದರ ತುದಿಗೆ ಸರಿದು ಕುಳಿತ ಒಬ್ಬ ಮನುಷ್ಯ ಬಾಗಿಲ ಕಡೆಗೇ ನೋಡುತ್ತಿದ್ದಾನೆ.