ಬೆಲ್ಲದ ಪ್ರಸ್ತಾಪವೇ ಇಲ್ಲ

ಗುಬ್ಬಿಯ ನಿವೃತ್ತ ಶಿರಸ್ತೇದಾರ ವೆಂಕಟರಂಗಯ್ಯನವರಿಗೆ ತಮ್ಮ ಸಕ್ಕರೆ ಕಾಯಿಲೆಯೂ ಕೈಕೆಳಗಿನ ಗುಮಾಸ್ತನ ಹಾಗೆಯೇ ಕಾಣುತ್ತಿತ್ತು. ಗದರಿಸಿದರೆ ಸುಮ್ಮನಿರುತ್ತದೆಂದು ನಂಬಿದ್ದರು. ತುಮಕೂರಿನ ಡಾಕ್ಟರು ಬರೆದುಕೊಟ್ಟ ಪಥ್ಯದ ಚೀಟಿಯನ್ನು ಸರ್ಕಾರಿ ಹುಕುಂನಂತೆ ಓದಿ, “ಸಕ್ಕರೆ ಬೇಡ ಅಂತಿದೆ, ಬೆಲ್ಲದ ಪ್ರಸ್ತಾಪವೇ ಇಲ್ಲ ಕಣೇ” ಎಂದು ಹೋಳಿಗೆಗೆ ಕೈಚಾಚುವರು. ಕಾಂಪೌಂಡರು ಕಲಿಸಿಕೊಟ್ಟಂತೆ ಹೆಂಡತಿ ಅಂಬುಜಮ್ಮ ದಿನಾ ಬೆಳಿಗ್ಗೆ ಗಾಜಿನ ಕೊಳವೆಯಲ್ಲಿ ಅವರ ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸಿದರೆ, ಸಕ್ಕರೆ ಏರಿದ ಗುರುತಾಗಿ ಅದು ಇಟ್ಟಿಗೆಯಂತೆ ಕೆಂಪಾಗುವುದು. “ಒಳ್ಳೇ ಬಣ್ಣ, ರಕ್ತ ಪುಷ್ಟಿಯಾಗಿದೆ” ಎಂದು ಶಿರಸ್ತೇದಾರರು ತೀರ್ಪು ಕೊಡುವರು. ಜಗಲಿಗೆ ಬಂದವರಿಗೆಲ್ಲ ಹಾಗಲಕಾಯಿ ರಸದ ಉಪದೇಶ. ತಾವು ಮಾತ್ರ ಒಂದು ತೊಟ್ಟೂ ಕುಡಿದವರಲ್ಲ. ಹೊಸ ಚಪ್ಪಲಿ ಕಚ್ಚಿದ ಗಾಯ ತಿಂಗಳಾದರೂ ಮಾಯದಿದ್ದಾಗ, ಒಂದು ಮಧ್ಯಾಹ್ನ ಹೆಂಡತಿಯ ಮುಂದೆ ತಲೆ ತಗ್ಗಿಸಿದರು. “ಡಾಕ್ಟರು ಹೇಳಿದ್ದು ಒಂದೂ ಅರ್ಥ ಆಗ್ಲಿಲ್ಲ ಅಂಬುಜಾ. ಇಷ್ಟು ಓದಿದೋನು ಹೇಗೆ ಕೇಳೋದು ಅಂತ ಸುಮ್ನೆ ತಲೆಯಾಡಿಸ್ಬಿಟ್ಟೆ.” ಅಕ್ಷರ ಬಾರದ ಅಂಬುಜಮ್ಮ ಗಾಯಕ್ಕೆ ಬಟ್ಟೆ ಸುತ್ತುತ್ತಾ, “ನಾಳೆ ಬಸ್ಸಿಗೆ ನಾನೂ ಬರ್ತೀನಿ. ನಂಗೆ ಕೇಳೋಕೆ ನಾಚಿಕೆ ಇಲ್ಲ” ಎಂದರು. ಮರುದಿನ ಡಾಕ್ಟರ ಎದುರು ಆಕೆ ಬಾಯಿ ತೆರೆಯುವ ಮೊದಲೇ ವೆಂಕಟರಂಗಯ್ಯನವರು ಕುರ್ಚಿಯ ತುದಿಗೆ ಸರಿದು, ಸಣ್ಣ ದನಿಯಲ್ಲಿ, “ಇನ್ನೊಂದು ಸಲ ಬಿಡಿಸಿ ಹೇಳಿ ಸಾರ್, ನಂಗೆ ಗೊತ್ತಾಗ್ಲಿಲ್ಲ” ಎಂದರು.