ಒಂಬತ್ತು ದಿನ ಬಿಟ್ಟ ಮಾತ್ರೆ

ಕ್ಯಾನ್ಸರಿಗೆ ನಾನು ದಿನಾ ನುಂಗುವ ಮಾತ್ರೆ ಕೂದಲನ್ನು ಒಮ್ಮೆಲೇ ಉದುರಿಸುವುದಿಲ್ಲ. ಬಾಚಣಿಗೆಯಲ್ಲಿಷ್ಟು, ದಿಂಬಿನ ಮೇಲಿಷ್ಟು. ಆರು ತಿಂಗಳಲ್ಲಿ ಸೊಂಟದವರೆಗಿದ್ದ ಜಡೆ ಇಲಿಬಾಲವಾಯಿತು, ನೆತ್ತಿ ಕಾಣತೊಡಗಿತು. "ಗಡ್ಡೆ ಕುಗ್ತಿದೆ, ಒಂದು ದಿನಾನೂ ಮಾತ್ರೆ ತಪ್ಪಿಸ್ಬೇಡಿ" ಎಂದಿದ್ದರು ಡಾಕ್ಟರು.

ನಮ್ಮ ಮಲ್ಲೇಶ್ವರಂ ಜನಕ್ಕೆ ಗಡ್ಡೆಯ ಸುದ್ದಿ ಬೇಡ, ಜಡೆಯ ಸುದ್ದಿ ಬೇಕು. ಸಂಪಿಗೆ ರಸ್ತೆಯಲ್ಲಿ ಸಿಕ್ಕ ಎದುರುಮನೆಯಾಕೆ ನನ್ನ ನೆತ್ತಿಯನ್ನೇ ನೋಡುತ್ತ, "ಎಣ್ಣೆಗೆ ಕರಿಬೇವು ಹಾಕಿ ಕಾಯ್ಸಿ ಹಚ್ಕೊಳ್ಳಿ, ನಮ್ಮ ಸೊಸೆಗೆ ಎಷ್ಟು ಚೆನ್ನಾಗಿ ಬಂತು ಗೊತ್ತಾ?" ಎಂದರು. ನಾನು ಬದುಕುತ್ತೇನೋ ಇಲ್ಲವೋ ಎಂದು ಆ ಮಹಾತಾಯಿ ಕೇಳಲಿಲ್ಲ.

ನನ್ನ ಓರಗಿತ್ತಿ ಇವರಿಗಿಂತ ಒಂದು ಕೈ ಮೇಲು. ಅವಳ ಮಗಳ ಮದುವೆ ಹತ್ತಿರ ಬಂದಿತ್ತು. ನಮ್ಮಲ್ಲಿ ಮುತ್ತೈದೆಯರು ಹೂ ಮುಡಿದು ಗಂಡಿಗೆ ಆರತಿ ಎತ್ತಬೇಕು. ಹಿರಿಯ ಸೊಸೆ ನಾನು, ಮೊದಲ ಆರತಿ ನನ್ನದು. "ಅಕ್ಕ, ಮದುವೆ ಮುಗಿಯೋವರೆಗೂ ಆ ಮಾತ್ರೆ ಬಿಟ್ಬಿಡಿ. ಬೀಗರು ಏನಂದ್ಕೋತಾರೆ?" ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ಆ ಜಾತಿ.

ಚೆನ್ನಾಗಿ ಬೈದು ಕಳಿಸಿದೆ ಎಂದು ಬರೆಯಲು ಆಸೆ. ಬೈಯಲಿಲ್ಲ. ಒಂಬತ್ತು ದಿನ ಮಾತ್ರೆ ಬಿಟ್ಟೆ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನೆತ್ತಿಯಲ್ಲಿ ಹೊಸ ಕೂದಲು ಹುಡುಕಿದೆ, ದಡ್ಡಿ. ಒಂದೂ ಬರಲಿಲ್ಲ.

ಮದುವೆಯ ದಿನ ಛತ್ರದಲ್ಲಿ ಓರಗಿತ್ತಿ ಹೂವಿನ ಬುಟ್ಟಿ ಹಿಡಿದು ಸಾಲಾಗಿ ಎಲ್ಲರಿಗೂ ಮೊಳ ಮೊಳ ಮಲ್ಲಿಗೆ ಕೊಟ್ಟುಕೊಂಡು ಬಂದಳು. ನನ್ನ ಮುಂದೆ ಅವಳ ಕೈ ನಿಂತಿತು. "ಅಕ್ಕ, ನೀವು ಕೂತ್ಕೊಳ್ಳಿ, ಸುಸ್ತಾಗತ್ತೆ" ಎಂದು ಆರತಿ ತಟ್ಟೆಯನ್ನು ತನ್ನ ತಂಗಿಯ ಕೈಗೆ ಕೊಟ್ಟಳು. ಮೈಯೆಲ್ಲ ಉರಿಯಿತು. ಇವಳ ಒಂದು ಮೊಳ ಹೂವಿಗಾಗಿ ನಾನು ಪ್ರಾಣ ಪಣಕ್ಕಿಟ್ಟಿದ್ದೆ.

ಮದುವೆ ಮುಗಿದ ಕೂಡಲೇ ನುಂಗಲೆಂದು ಬ್ಯಾಗಿನಲ್ಲಿಟ್ಟುಕೊಂಡಿದ್ದ ಮಾತ್ರೆ ತೆಗೆದು, "ಯಾರಾದ್ರೂ ಒಂದು ಲೋಟ ನೀರು ಕೊಡಿ" ಎಂದು ಛತ್ರಕ್ಕೆಲ್ಲ ಕೇಳುವಂತೆ ಕೂಗಿದೆ. ನೀರು ತಂದವರು ಗಂಡಿನ ತಾಯಿಯೇ.

"ಯಾತಕ್ಕೆ ಮಾತ್ರೆ?"

"ಕ್ಯಾನ್ಸರಿಗೆ."

ಓರಗಿತ್ತಿಯ ಮುಖ ಬಿಳುಚಿತು. ನಾನು ನಿಧಾನವಾಗಿ ನುಂಗಿದೆ.

ಮುಂದಿನ ವಾರ ಡಾಕ್ಟರು ಉಳಿದ ಒಂಬತ್ತು ಮಾತ್ರೆಗಳನ್ನು ನೋಡಿ, "ಯಾಕೆ ಬಿಟ್ರಿ?" ಎಂದರು. ಊರವರಿಗೆಲ್ಲ ಒಂದೊಂದು ಮಾತು ಇಟ್ಟುಕೊಂಡಿದ್ದವಳಿಗೆ, ಆರತಿ ಎತ್ತಲು ಎಂದು ಹೇಳುವ ಬಾಯಿ ಇರಲಿಲ್ಲ.