ಅಣ್ಣನನ್ನು ಎಬ್ಬಿಸುವ ಕೆಲಸ

ನಮ್ಮಣ್ಣ ಪೊಲೀಸ್ ಆಗಿದ್ದ, ನಿಜ. ಆದರೆ ಹದಿನಾಲ್ಕು ವರ್ಷ ಅವನ ನೌಕರಿ ಉಳಿಸಿದವಳು ನಮ್ಮವ್ವ. ಠಾಣೆಯಲ್ಲಿ ಬೆಳಿಗ್ಗೆ ಹಾಜರಿ ಕೂಗುತ್ತಾರೆ. ಹೆಸರು ಕರೆದಾಗ ಸಾಲಿನಲ್ಲಿ ನಿಂತು ಓ ಅನ್ನಬೇಕು, ಇಲ್ಲವಾದರೆ ಗೈರುಹಾಜರಿ, ಆಮೇಲೆ ಸಾಹೇಬರ ಮಂಗಳಾರತಿ. ನಮ್ಮವನೋ ಕುಂಭಕರ್ಣನಿಗೇ ಪಾಠ ಹೇಳುವಂಥವನು. ಮನೆ ಮಸ್ಕಿಯಲ್ಲಿ, ಠಾಣೆ ಸಿಂಧನೂರಿನ ಕಡೆ.

"ಏಳಲೇ, ಹೊತ್ತು ಏರೈತಿ! ಹೆಣ ಬಿದ್ದಂಗ ಬಿದ್ದೀಯಲ್ಲೋ, ಏನ್ ಸುಡಗಾಡ ನಿದ್ದೀನೋ ನಿಂದು!" ಇದು ನಮ್ಮ ಮನೆಯ ಸುಪ್ರಭಾತ. ಮೊದಲು ಬೈಗುಳ, ಆಮೇಲೆ ಕೌದಿ ಎಳೆಯುವುದು, ಕೊನೆಗೆ ತಂಬಿಗೆ ನೀರು. ಅವನ ಮದುವೆಯ ದಿನವೂ ಅಷ್ಟೇ, ಲಿಂಗಸುಗೂರಿನ ಕಲ್ಯಾಣ ಮಂಟಪದಲ್ಲಿ ಜನ ಅಕ್ಷತೆ ಹಿಡಿದು ಕೂತಿದ್ದಾಗ ಈ ಮದುಮಗ ಒಳಕೋಣೆಯಲ್ಲಿ ಬಾಸಿಂಗ ಕಟ್ಟಿಕೊಂಡೇ ಗೊರಕೆ ಹೊಡೆಯುತ್ತಿದ್ದ. ಮದುವೆಯಾದ ವಾರದಲ್ಲೇ ಅತ್ತಿಗೆ ಕೈ ಚೆಲ್ಲಿದರು. "ನನ್ನ ಕೈಲೆ ಆಗಂಗಿಲ್ರೀ ಅತ್ತಿ. ನಿಮ್ಮ ಮಗ, ನೀವ ಎಬ್ಬಸ್ರಿ."

ತಡವಾದ ದಿನ ಅವ್ವ ಠಾಣೆಯ ರೈಟರಿಗೆ ಫೋನು ಮಾಡುತ್ತಿದ್ದಳು. ಹಾಜರಿ ಪುಸ್ತಕ ಬರೆಯುವವರು ಅವರೇ. "ಹೊಂಟಾನ್ರೀ ಸಾಹೇಬ್ರ, ದಾರ್ಯಾಗ ಅದಾನ." ಆಗ ಅವನು ಇನ್ನೂ ಕೌದಿಯೊಳಗೆ! ರೈಟರಿಗೆ ಅದು ಗೊತ್ತಿಲ್ಲದೆ ಏನು? "ಆತು ಬಿಡವ್ವ, ಹಾಜರ್ ಅಂತ ಬರಕೊಂತೀನಿ" ಎಂದು ನಗುತ್ತಿದ್ದರು.

ನಾನು ಶಾಲೆಯ ಮಾಸ್ತರ. ನನಗೂ ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವುದಿತ್ತು. ಅವ್ವ ಒಂದು ದಿನವಾದರೂ ನನ್ನನ್ನು ಎಬ್ಬಿಸಿದವಳಲ್ಲ. ಕೇಳಿದರೆ, "ನಿಂಗ್ಯಾಕೋ? ನೀ ಶಾಣ್ಯಾ ಅದಿ" ಅನ್ನುತ್ತಿದ್ದಳು. ಶಾಣ್ಯಾ ಆಗಿದ್ದಕ್ಕೆ ನನಗೆ ಸಿಕ್ಕ ಇನಾಮು ಇಷ್ಟೇ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬೇಸಿಗೆ ಭತ್ತದ ಕೊಯ್ಲು ನಡೆದಿತ್ತು. ಠಾಣೆಗೆ ಹೊಸ ಸಾಹೇಬರು ಬಂದಿದ್ದಾರೆ, ಬಹಳ ಗರಂ ಎಂದು ಕೇಳಿ ಅವ್ವ ಆ ದಿನ ಒಂದು ತಾಸು ಮೊದಲೇ ಶುರು ಮಾಡಿದಳು, ಅದೂ ನೇರ ತಂಬಿಗೆಯಿಂದ. ಅಣ್ಣ ಗೊಣಗುತ್ತಲೇ ಹೋದ. ಅವತ್ತು ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಂತವನು ಅವನೇ. ಹಾಗಾಗಿ ಕಾಲುವೆ ಸೇತುವೆಯ ಮೇಲೆ ಸಿಕ್ಕಿಬಿದ್ದ ಟ್ರ್ಯಾಕ್ಟರು, ಲಾರಿಗಳನ್ನು ಬಿಡಿಸಲು ಅವನನ್ನೇ ಕಳಿಸಿದರು. ಅಲ್ಲಿ ಏರಿನಲ್ಲಿದ್ದ ಭತ್ತದ ಲಾರಿಯೊಂದು ಹಿಂದಕ್ಕೆ ಜಾರತೊಡಗಿತು. ಅದರ ಹಿಂದೆ ಕೂಲಿಗೆ ಹೊರಟ ಹೆಣ್ಣುಮಕ್ಕಳು ತುಂಬಿದ್ದ ಆಟೋ. ಅಣ್ಣ ಓಡಿ ಹೋಗಿ ಆಟೋವನ್ನು ಪಕ್ಕಕ್ಕೆ ನೂಕಿದ. ಆ ಹೆಣ್ಣುಮಕ್ಕಳೆಲ್ಲ ಉಳಿದರು. ಅವನಿಗೆ ಪಕ್ಕಕ್ಕೆ ಸರಿಯಲು ಆಗಲಿಲ್ಲ.

ಮಣ್ಣಿನ ದಿನ ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಕೊಟ್ಟರು. ಎಲ್ಲ ಬಂದೂಕು ಒಟ್ಟಿಗೆ ಢಂ ಅಂದವು. ಎಲ್ಲ ಮುಗಿಯಿತು ಅನ್ನುವಾಗ ಇನ್ನೊಂದು, ಒಂಟಿಯಾಗಿ, ಢಂ! ಪಕ್ಕದಲ್ಲಿದ್ದ ಸೋದರಮಾವ ಅಳುತ್ತಲೇ ಅಂದ, "ಅದು ನಮ್ಮ ಹುಡುಗನ ಬಂದೂಕ ಇರಬೇಕು ನೋಡು." ನನಗೆ ನಗು ಬಂತು. ಅಣ್ಣನ ಮಣ್ಣಿನಲ್ಲಿ ನಿಂತು ಹಲ್ಲು ಬಿಟ್ಟೆ, ಆಮೇಲೆ ಅಳು ತಡೆಯಲು ಆಗಲಿಲ್ಲ.

ಅವ್ವ ಮಾತ್ರ ಅಳಲಿಲ್ಲ. ಐದನೆಯ ದಿನ ಬಾಯಿಬಿಟ್ಟಳು. "ನಾನ ಎಬ್ಬಸಿದ್ನೆಪಾ. ಒಂದು ತಾಸು ಮಲಗಾಕ ಬಿಟ್ಟಿದ್ರ ಬ್ಯಾರೆ ಯಾವ ಕಡೆಗಾದ್ರೂ ಕಳಸ್ತಿದ್ರು." ನಾವು ಏನೇನೋ ಹೇಳಿದೆವು. ಅವಳ ಕಿವಿಗೆ ಒಂದೂ ಹೋಗಲಿಲ್ಲ.

ಅಂದಿನಿಂದ ಅವಳು ಯಾರನ್ನೂ ಎಬ್ಬಿಸಲಿಲ್ಲ. ಬೇರೆಯವರು ಎಬ್ಬಿಸಲು ಹೋದರೂ ಲಟ್ಟಣಿಗೆ ಹಿಡಿದು ಅಡ್ಡ ನಿಲ್ಲುವಳು. "ಸುಮ್ಕಿರು, ಮಲಗಲಿ." ಬೆಕ್ಕು ತೊಡೆಯ ಮೇಲೆ ಮಲಗಿದರೆ ಒಲೆಯ ಮೇಲಿನ ಸಾರು ಸೀದು ಹೋದರೂ ಏಳುತ್ತಿರಲಿಲ್ಲ. ನನ್ನ ಮೊಬೈಲಿನ ಅಲಾರಾಂ ಬಡಿದುಕೊಂಡರೆ ಅದನ್ನು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚುವಳು. ಎರಡು ಸಲ ಹೆಡ್‌ಮಾಸ್ತರರ ಕೈಲಿ ಬೈಸಿಕೊಂಡು ಬಂದು ನಾನು ಕೂಗಾಡಿದೆ. "ನನ್ನ ನೌಕರಿ ಕಳೀತೀಯೇನಬೇ?" ಅವಳು ರೊಟ್ಟಿ ಬಡಿಯುತ್ತ ಅಂದಳು, "ಹೋದ್ರ ನೌಕರಿ ಅಷ್ಟ ಹೋಗತೈತಿ." ನಾನು ಡಬ್ಬಿಯಿಂದ ಮೊಬೈಲು ತೆಗೆದು ಹಿಟ್ಟು ಒರೆಸಿಕೊಂಡೆ.

ಅಕ್ಟೋಬರಿನಲ್ಲಿ ರಾಯಚೂರಿನಿಂದ ಕಾಗದ ಬಂತು. ಹುತಾತ್ಮ ಪೊಲೀಸರ ಹೆಸರುಗಳನ್ನು ಮೈದಾನದಲ್ಲಿ ಓದುತ್ತಾರೆ, ಮನೆಯವರು ಬೆಳಿಗ್ಗೆಯೇ ಬರಬೇಕು. ಆ ದಿನ ಬಾಗಿಲಲ್ಲಿ ಜೀಪು ಹಾರ್ನ್ ಹೊಡೆದಾಗ ನಾನೂ ಅತ್ತಿಗೆಯೂ ಗಡಬಡಿಸಿ ಎದ್ದೆವು. ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಯಾವಾಗಲೋ ತಯಾರಾಗಿ, ಮಲಗಿದ್ದ ನಮ್ಮನ್ನು ನೋಡುತ್ತ ಕೂತಿದ್ದಳು!

ಕರೆದೊಯ್ಯಲು ಬಂದವರು ಅದೇ ರೈಟರು. ದಾರಿಯಲ್ಲಿ ಅವ್ವ ಅವರನ್ನು ಒಂದೇ ಮಾತು ಕೇಳಿದಳು. "ಹೆಸರು ಕರದಾಗ ಓ ಅನ್ನಲಿಲ್ಲಂದ್ರ ಗೈರುಹಾಜರಿ ಬರಕೊಂತಾರೇನ್ರೀ ಸಾಹೇಬ್ರ?"

"ಇಲ್ಲವ್ವ. ಇವತ್ತು ಯಾರೂ ಓ ಅನ್ನಂಗಿಲ್ಲ," ಅಂದರು. ಅವ್ವ ನಂಬಿದಂತೆ ಕಾಣಲಿಲ್ಲ.

ಮೈದಾನದಲ್ಲಿ ದೊಡ್ಡ ಸಾಹೇಬರು ಒಂದೊಂದೇ ಹೆಸರು ಓದುತ್ತ ಹೋದರು. ಎಷ್ಟೊಂದು ಹೆಸರು! ಒಬ್ಬರೂ ಓ ಅನ್ನಲಿಲ್ಲ. ಅಣ್ಣನ ಹೆಸರು ಬಂತು. ಅವ್ವ ಎದ್ದು ನಿಂತಳು. ನಾನು ಸೆರಗು ಜಗ್ಗಿದೆ, ಕೂರಲಿಲ್ಲ. ದಾರ್ಯಾಗ ಅದಾನ ಅಂತ ಅಂದೇಬಿಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

"ಮಲಗ್ಯಾನ್ರೀ ಸಾಹೇಬ್ರ," ಅಂದಳು ಅವ್ವ. "ಇವತ್ತು ನಾ ಎಬ್ಬಸಿಲ್ಲ."

ನಮ್ಮ ಹಿಂದೆ ನಿಂತಿದ್ದ ರೈಟರ ದನಿ ಮೆಲ್ಲಗೆ ಕೇಳಿಸಿತು. "ಆತು ಬಿಡವ್ವ, ಹಾಜರ್ ಅಂತ ಬರಕೊಂತೀನಿ."

ಅವ್ವ ಕೂತಳು. ದೊಡ್ಡ ಸಾಹೇಬರು ಮುಂದಿನ ಹೆಸರನ್ನು ದನಿ ತಗ್ಗಿಸಿ ಓದಿದರು.